ಮರಗಸಿಗೆ ಮೂರು ಜನರ ತಂಡ: ಹಗ್ಗ, ಬೆಲ್ಟ್, ಗರಗಸ, ಗಾಡಿ – ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಹಾನುಬಾಳು ಕ್ರಾಸ್:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ ಮಾಡಲು ಮೂರು ಜನರ ತಂಡ ಕಟ್ಟುತ್ತಿದ್ದೇವೆ. ಇಬ್ಬರು ಮರ ಹತ್ತುವವರು, ಒಬ್ಬರು ಕೆಳಗೆ. ಸದ್ಯ ನಮ್ಮ ಹತ್ತಿರ ಇರುವುದು ಸ್ಟಿಲ್ ಎಂಎಸ್ 170 ಪೆಟ್ರೋಲ್ ಚೈನ್ ಗರಗಸ, 24 ಅಡಿಯ ಅಲ್ಯೂಮಿನಿಯಂ ಏಣಿ, ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ಎರಡು ಸುರುಳಿ, ಕಟ್ಟಡ ಕೆಲಸದವರು ಹಾಕುವ ಸೇಫ್ಟಿ ಬೆಲ್ಟ್ ಎರಡು, ಕತ್ತಿ, ಕೊಡಲಿ. ಮರಗಳಲ್ಲಿ ಮುಕ್ಕಾಲು ಪಾಲು ಮೆಣಸು ಹಬ್ಬಿದ ಸಿಲ್ವರ್ ಓಕ್. ನಡುನಡುವೆ ಹಾಲುವಾಣ, ಅತ್ತಿ, ಬಸರಿ, ಹಲಸು ಇವೆ. ಎತ್ತರ 40ರಿಂದ 60 ಅಡಿ.

ಮರದ ಮೇಲೆ ಬಳಸಲು ಇನ್ನೊಂದು ಒಳ್ಳೆಯ ಗರಗಸ ತೆಗೆದುಕೊಳ್ಳೋಣ ಅಂತ ಯೋಚನೆ. ಅದು ಸರಿಯೇ, ಅಥವಾ ದುಡ್ಡು ಬೇರೆ ಕಡೆ ಹೋಗಬೇಕೇ? ಈಗಿನ ಬೆಲ್ಟು ಹಗ್ಗ ಸಾಕಾಗುತ್ತವೆಯೇ? ಸೊಪ್ಪು ಸೌದೆ ಸಾಗಿಸಲು ಎಂಥ ಗಾಡಿ ಬೇಕು? ಕೊಂಬೆ ಚೂರು ಮಾಡುವ ಚಿಪ್ಪರ್ ಯಂತ್ರ ಇಟ್ಟುಕೊಂಡರೆ ಉಪಯೋಗ ಇದೆಯೇ? ಬಲ್ಲವರು ವಿವರವಾಗಿ ಹೇಳಿ.

ಬಿಲ್ವಾರ:

ಗರಗಸದ ಮಾತು ಆಮೇಲೆ. ಮೊದಲು ಆ ಎರಡು ಬೆಲ್ಟ್ ಮತ್ತು ಹಗ್ಗದ ಬಗ್ಗೆ ಹೇಳಿಬಿಡುತ್ತೇನೆ.

ಕಟ್ಟಡದವರ ಬೆಲ್ಟ್ ಬಿದ್ದಾಗ ಹಿಡಿಯಲು ಮಾಡಿದ್ದು, ಕೂತು ಕೆಲಸ ಮಾಡಲು ಅಲ್ಲ. ಅದರ ಮುಖ್ಯ ಕೊಂಡಿ ಬೆನ್ನ ಮೇಲಿದೆ. ಬಿದ್ದರೆ ಬೆನ್ನಿಂದ ನೇತಾಡುತ್ತೀರಿ, ಕೈ ಕೊಂಬೆಗೆ ಸಿಗುವುದಿಲ್ಲ, ತೊಡೆಯ ಪಟ್ಟಿ ಬಿಗಿದು ರಕ್ತ ಓಡಾಟ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಇನ್ನೊಂದು ಲೆಕ್ಕ ಹಾಕಿ: ಸುಮಾರು 2 ಮೀಟರ್ ಹಗ್ಗ, ಬಿದ್ದ ಹೊಡೆತ ತಗ್ಗಿಸಲು ಹರಿದು ಬಿಚ್ಚಿಕೊಳ್ಳುವ ಅಬ್ಸಾರ್ಬರ್ ಪಟ್ಟಿ ಹೆಚ್ಚುಕಡಿಮೆ 1.75 ಮೀಟರ್, ಅದರ ಕೆಳಗೆ ಮನುಷ್ಯನ ಮೈ. ಎಲ್ಲ ಸೇರಿ ಕೊಂಡಿ ಹಾಕಿದ ಜಾಗದಿಂದ ಕೆಳಕ್ಕೆ 6 ಮೀಟರ್ ಖಾಲಿ ಇರಬೇಕು. ಮರದಲ್ಲಿ ಅಷ್ಟರೊಳಗೆ ಕೆಳಗಿನ ಕೊಂಬೆಗೋ ನೆಲಕ್ಕೋ ಬಡಿದಾಗಿರುತ್ತದೆ.

ನಿಮಗೆ ಬೇಕಿರುವುದು ಮರದವರ ಕೂರುವ ಹಾರ್ನೆಸ್. ಸೊಂಟಪಟ್ಟಿ ಅಗಲ, ತೊಡೆಪಟ್ಟಿ ಎರಡು, ಮುಂದೆ ಕೊಂಡಿ ಓಡಾಡುವ ಸೇತುವೆ ಹಗ್ಗ, ಎರಡು ಪಕ್ಕದಲ್ಲಿ ಡಿ ಕೊಂಡಿ. ಲೇಬಲ್ ಮೇಲೆ ಇಎನ್ 813 ಮತ್ತು ಇಎನ್ 358 ಎರಡೂ ಇರಬೇಕು (ಇಎನ್ ಅಂದರೆ ಯುರೋಪಿನ ಗುಣಮಟ್ಟದ ಗುರುತು). ಮೊದಲನೆಯದು ಕೂರುವುದಕ್ಕೆ, ಎರಡನೆಯದು ಪಕ್ಕದ ಕೊಂಡಿಗಳಿಗೆ.

ಹಗ್ಗ: ಇಎನ್ 1891 ಎ ವರ್ಗದ್ದು, 11.5ರಿಂದ 13 ಮಿಮೀ ದಪ್ಪ. 60 ಅಡಿ ಮರಕ್ಕೆ ಇಮ್ಮಡಿ ಹಗ್ಗದಲ್ಲಿ ಹತ್ತಿದರೆ 18 ಮೀಟರ್ ಮೇಲೆ, 18 ಕೆಳಗೆ, ಗಂಟಿಗೆ ಮತ್ತು ಕೈಗೆ ಇನ್ನಷ್ಟು. 45 ಮೀಟರ್ ತೆಗೆದುಕೊಳ್ಳಿ. ತುದಿಗೆ ಕಡ್ಡಾಯವಾಗಿ ಗಂಟು ಹಾಕಿಡಿ. ಹಗ್ಗ ಮುಗಿದದ್ದು ಗೊತ್ತಾಗದೆ ಗಂಟು ಜಾರಿ ತುದಿಯಿಂದ ಹೊರಬರುವುದು ಇಳಿಯುವಾಗಿನ ದೊಡ್ಡ ಅಪಾಯ. ಅಂಗಡಿಯ ನೈಲಾನ್ ಹಗ್ಗ ಸೌದೆ ಕಟ್ಟಲು ಇರಲಿ, ಅದಕ್ಕೆ ಮನುಷ್ಯರು ಜೋತುಬೀಳುವುದು ಬೇಡ. ಎಷ್ಟು ಭಾರ ತಡೆಯುತ್ತದೆ ಅಂತ ಅದರ ಮೇಲೆ ಎಲ್ಲೂ ಬರೆದಿರುವುದಿಲ್ಲ, ಬಿಸಿಲಿಗೆ ಬೇಗ ಲಡ್ಡಾಗುತ್ತದೆ.

ಕ್ಯಾರಬೀನರ್, ಅಂದರೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಮೂರು ಚಲನೆಯಲ್ಲಿ ತೆರೆಯುವಂಥದ್ದು, ತಾನೇ ಮುಚ್ಚಿ ಬೀಗ ಬೀಳುವಂಥದ್ದು ಇರಲಿ. ಸ್ಕ್ರೂ ಥರದ್ದು ತೊಗಟೆಗೆ ಉಜ್ಜಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹತ್ತುವ ಗಂಟಿಗೆ ಬ್ಲೇಕ್ಸ್ ಹಿಚ್ ಕಲಿಯಿರಿ. ಹಗ್ಗದ ಬಾಲದಿಂದಲೇ ಕಟ್ಟಬಹುದು, ಬೇರೆ ಸಾಮಾನು ಬೇಡ. ನಾಲ್ಕು ಸುತ್ತು ಮೇಲಕ್ಕೆ, ಬಾಲ ಕೆಳಗೆ ಬಂದು ಕೆಳಗಿನ ಎರಡು ಸುತ್ತಿನ ಅಡಿಯಲ್ಲಿ ನುಸುಳಬೇಕು, ಕೊನೆಗೆ ಎಂಟರಾಕಾರದ ತಡೆಗಂಟು. ಸರ್ರನೆ ಜಾರಿದರೆ ಗಂಟಿನ ಒಳಮೈ ಕರಗಿ ಗಾಜಿನಂತೆ ಹೊಳೆಯುತ್ತದೆ. ಆ ಭಾಗವನ್ನು ಕತ್ತರಿಸಿ ಎಸೆಯಿರಿ. ಬೇರೆ ಹುರಿಯಿಂದ ಕಟ್ಟುವ ಪ್ರೂಸಿಕ್ ಗಂಟು ಬಳಸುವುದಾದರೆ ಅದರ ಹುರಿ ಮುಖ್ಯ ಹಗ್ಗಕ್ಕಿಂತ 2–4 ಮಿಮೀ ತೆಳ್ಳಗಿರಬೇಕು. ದಪ್ಪ ಸಮನಾದರೆ ಕಚ್ಚುವುದಿಲ್ಲ.

ಎರಡನೇ ಕಟ್ಟು, ಅಂದರೆ ಕಾಂಡವನ್ನು ಸುತ್ತಿ ಎರಡು ಪಕ್ಕದ ಕೊಂಡಿಗೆ ಹಾಕುವ ಗಿಡ್ಡ ಹಗ್ಗ, ಒಳಗೆ ಉಕ್ಕಿನ ತಂತಿ ಇರುವಂಥದ್ದು ತೆಗೆದುಕೊಳ್ಳಿ. ಯಂತ್ರದ ಗರಗಸ ಚಾಲೂ ಇರುವಾಗ ಎರಡು ಕಟ್ಟು ಇರಲೇಬೇಕು. ಒಂದನ್ನು ಚೈನ್ ಮುಟ್ಟಿದರೂ ಇನ್ನೊಂದು ಉಳಿಯಬೇಕು. ಒಳಗಿನ ತಂತಿ ಕೈಗರಗಸವನ್ನು ತಡೆಯುತ್ತದೆ, ಯಂತ್ರವನ್ನು ಪೂರ್ತಿ ತಡೆಯುವುದಿಲ್ಲ. ಇದು ನೆನಪಿರಲಿ.

ಕಂಬ ಹತ್ತುವ ಮುಳ್ಳಿನ ಬೂಟು ಕೊಳ್ಳಲೇಬೇಡಿ. ಉಳಿಯಬೇಕಾದ ಮರದ ಕಾಂಡಕ್ಕೆ ನೂರಾರು ತೂತು ಬೀಳುತ್ತದೆ, ಮೆಣಸಿನ ಬಳ್ಳಿಯೂ ಹಾಳು. ಪೂರ್ತಿ ಉರುಳಿಸುವ ಮರಕ್ಕೆ ಮಾತ್ರ ಅದು.

ಹಗ್ಗ ಎಲ್ಲಿ ಹಾಕುತ್ತೀರಿ ಎನ್ನುವುದು ಇದಕ್ಕೆಲ್ಲ ಬುಡ. ಅತ್ತಿ, ಹಲಸು, ನೇರಳೆಯಲ್ಲಿ ತೋಳಿಗಿಂತ ದಪ್ಪದ ಹಸಿ ಕೊಂಬೆಯ ಕವಲು ಸಾಕು. ಸಿಲ್ವರ್ ಓಕ್ ಕೊಂಬೆ ಎಷ್ಟು ದಪ್ಪ ಇದ್ದರೂ ಪಟ್ಟನೆ ಮುರಿಯುತ್ತದೆ, ಆದ್ದರಿಂದ ಹಗ್ಗ ಕಾಂಡವನ್ನೇ ಸುತ್ತಬೇಕು, ಕೊಂಬೆಯ ಮೇಲೆ ಕೂರಬಾರದು. ಹಾಲುವಾಣವನ್ನು ನಂಬಬೇಡಿ. ಅದರ ಮರ ಮೆದು, ಒಳಗೆ ಕೊಳೆತಿದ್ದರೂ ಹೊರಗೆ ಹಸಿರಾಗಿ ಕಾಣುತ್ತದೆ. ಅದಕ್ಕೆ ಏಣಿ ಮತ್ತು ಉದ್ದ ಕೋಲಿನ ಗರಗಸವೇ ಸರಿ. ಹತ್ತುವ ಮುಂಚೆ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ನೋಡಿ. ಆಗ ಸದ್ದು ಬಂದರೆ ಬೇರೆ ಕವಲು ಹುಡುಕಿ.

ಹಗ್ಗ, ಹಾರ್ನೆಸ್ ಎರಡೆರಡು ಜೊತೆ ಬೇಕು. ಎರಡನೆಯದು ಇನ್ನೊಬ್ಬರು ಮೇಲೆ ಹೋಗಿ ಸಿಕ್ಕಿಕೊಂಡವರನ್ನು ಇಳಿಸಲು. ಅದನ್ನು ಗಾಡಿಯಲ್ಲಿಟ್ಟು ಬರಬೇಡಿ, ಮರದ ಬುಡದಲ್ಲೇ ಬಿಚ್ಚಿ ಸಿದ್ಧ ಇರಬೇಕು.

ಅರ ಮತ್ತು ಚೈನ್:

ಬಿಲ್ವಾರ ಅವರು ಹೇಳಿದ ಕ್ರಮವೇ ಸರಿ. ಎಂಎಸ್ 170 ಹಿಂದೆ ಹಿಡಿ ಇರುವ ಗರಗಸ, ನೆಲದ ಮೇಲೆ ಒಳ್ಳೆಯದು. ಮರದ ಮೇಲೆ ಅದನ್ನು ಎದೆಯ ಹತ್ತಿರ ಹಿಡಿಯಲು ಆಗುವುದಿಲ್ಲ, ತೂಕ ಹಿಂದಕ್ಕೆ ಎಳೆಯುತ್ತದೆ. ಮೇಲೆ ಬೇಕಾದದ್ದು 30–35 ಸಿಸಿ, 12 ಇಂಚು ಬಾರ್, 3.5 ಕೆಜಿ ಒಳಗಿನ ಮೇಲ್‌ಹಿಡಿಯ ಗರಗಸ. ಒಂದೇ ಕೈಯಲ್ಲಿ ಹಿಡಿಯಬಹುದು ಅನ್ನಿಸುವಂತೆ ಅದರ ಆಕಾರ ಇದೆ, ಅಪಾಯವೂ ಅಲ್ಲೇ. ಎಡಗೈಯಲ್ಲಿ ಕೊಂಬೆ, ಬಲಗೈಯಲ್ಲಿ ಗರಗಸ ಹಿಡಿದವರಿಗೆ ಗಾಯ ಆಗುವುದು ಎಡಗೈಗೆ.

ಆದರೆ ಈ ವರ್ಷ ಅದನ್ನು ಕೊಳ್ಳದಿದ್ದರೂ ನಡೆಯುತ್ತದೆ. ಮರಗಸಿಯಲ್ಲಿ ಕಡಿಯುವ ಕೊಂಬೆ ಹೆಚ್ಚಿನವು 4 ಇಂಚಿನ ಒಳಗೆ. ಅದಕ್ಕೆ ಎಳೆಯುವಾಗ ಕೊಯ್ಯುವ, 33 ಸೆಂಮೀ ಬಾಗಿದ ಕೈಗರಗಸ, ತೊಡೆಗೆ ಕಟ್ಟುವ ಒರೆಯ ಸಮೇತ ಇದ್ದರೆ ಯಂತ್ರಕ್ಕಿಂತ ಬೇಗ ಮುಗಿಯುತ್ತದೆ. ಯಂತ್ರವನ್ನು ಎಳೆದುಕೊಳ್ಳುವ, ಚಾಲೂ ಮಾಡುವ, ನೇತುಹಾಕುವ ಹೊತ್ತು ಉಳಿಯಿತು. ಕತ್ತಿಯಿಂದ ಕೊಚ್ಚಿದರೆ ಗಾಯದ ಮುಖ ಸೀಳಿ ನೀರು ನಿಲ್ಲುತ್ತದೆ, ಅಲ್ಲಿಂದಲೇ ಕೊಳೆ ಶುರು. ಕತ್ತಿ ಸೊಪ್ಪು ಸವರಲು ಇರಲಿ.

170ಕ್ಕೆ ಬೇಕಾದ ನಿತ್ಯದ ಆರೈಕೆ ಹೇಳುತ್ತೇನೆ. ಅದರ ಚೈನು 3/8 ಇಂಚಿನ ತೆಳು ಜಾತಿ, ಅರ 4.0 ಮಿಮೀ ದುಂಡಗಿನದು. ಕೋನ 30 ಡಿಗ್ರಿ. ಪ್ರತಿ ಹಲ್ಲಿಗೂ ಒಂದೇ ಲೆಕ್ಕದ ಎಳೆತ, ಮೂರಾದರೆ ಮೂರು. ಎಣಿಸದೆ ಅರ ಹಾಕಿದರೆ ಒಂದು ಪಕ್ಕದ ಹಲ್ಲು ಗಿಡ್ಡವಾಗಿ ಕೊಯ್ತ ಆ ಕಡೆಗೆ ಬಾಗುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗೂಟವನ್ನು ಚಪ್ಪಟೆ ಅರದಿಂದ ತಗ್ಗಿಸಿ. ಹಲ್ಲಿಗಿಂತ 0.65 ಮಿಮೀ ಕೆಳಗಿದ್ದರೆ ಸಾಕು. ಅದಕ್ಕಿಂತ ತಗ್ಗಿಸಿದರೆ ಗರಗಸ ಕಚ್ಚಿ ಎಗರುತ್ತದೆ. ಚಕ್ಕೆ ಬದಲು ಹಿಟ್ಟು ಬೀಳುತ್ತಿದ್ದರೆ ಚೈನು ಮೊಂಡಾಗಿದೆ ಎಂದರ್ಥ. ಒತ್ತಿ ಕೊಯ್ಯುವ ಬದಲು ಅಲ್ಲೇ ನಿಲ್ಲಿಸಿ. ಬುಡದ ತೊಗಟೆಯಲ್ಲಿ ಮಣ್ಣು, ಮರಳು ಇರುತ್ತದೆ, ಒಂದೇ ಕೊಯ್ತಕ್ಕೆ ಮೊಂಡಾಗಿಸುತ್ತದೆ. ಮೊದಲು ಕತ್ತಿಯಲ್ಲಿ ತೊಗಟೆ ಕೆತ್ತಿ.

ಪೆಟ್ರೋಲ್ 5 ಲೀಟರ್‌ಗೆ ಒಳ್ಳೆಯ ಟು-ಸ್ಟ್ರೋಕ್ ಆಯಿಲ್ 100 ಮಿಲೀ, ಅಂದರೆ 50ಕ್ಕೆ 1. ಕಣ್ಣಳತೆ ಬೇಡ, ಅಳತೆ ಬಾಟಲಿ ಇಡಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಬೆರೆಸಿದ್ದನ್ನು ತಿಂಗಳ ಮೇಲೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ನಮ್ಮ ಮಳೆಗಾಲದ ತೇವವನ್ನು ಅದು ಹೀರುತ್ತದೆ. ಆಷಾಢದಲ್ಲಿ ಗರಗಸ ಮೂಲೆಗಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಹಾಗೆ ಮಾಡದಿದ್ದರೆ ಕಾರ್ಬ್ಯುರೇಟರಿನ ಡಯಾಫ್ರಂ ಗಟ್ಟಿಯಾಗಿ ಮುಂದಿನ ಸಲ ಚಾಲೂ ಆಗಿ ಆಗಿ ನಿಲ್ಲುತ್ತದೆ.

ಚೈನಿಗೆ ಗಾಡಿಯ ಹಳೇ ಎಂಜಿನ್ ಆಯಿಲ್ ಹಾಕುವ ರೂಢಿ ಬಿಡಿ. ಅದರಲ್ಲಿರುವ ಲೋಹದ ಪುಡಿ ಆಯಿಲ್ ಪಂಪನ್ನು ತಿನ್ನುತ್ತದೆ, ಜೊತೆಗೆ ಕೆಳಗಿನ ಕಾಫಿ ಎಲೆ, ಮೆಣಸಿನ ಗೆರೆಗಳ (ಕಾಳು ಕಟ್ಟುವ ತೆನೆ) ಮೇಲೆಲ್ಲ ಚಿಮ್ಮುತ್ತದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಾಗ ಚೈನ್ ಆಯಿಲೂ ಬಹುತೇಕ ಮುಗಿದಿರಬೇಕು. ಅರ್ಧ ಉಳಿದಿದ್ದರೆ ಬಾರಿನ ತೂತು ಕಟ್ಟಿದೆ.

ನೆರಳು ಲೆಕ್ಕ:

ತೋಟದ ಕಡೆಯಿಂದ ಎರಡು ಮಾತು. ಮರಗಸಿ ಮರಕ್ಕಾಗಿ ಮಾಡುವುದಲ್ಲ, ಕೆಳಗಿನ ಗಿಡಕ್ಕಾಗಿ. ಅರೇಬಿಕಾದಲ್ಲಿ ನೆರಳು ಪೂರ್ತಿ ಬಿಚ್ಚಿದರೆ ಬಿಳಿ ಕಾಂಡಕೊರಕದ ಕಾಟ ಹೆಚ್ಚುತ್ತದೆ. ಅದರ ದುಂಬಿ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರುತ್ತದೆ, ಬಿಸಿಲು ಬಿದ್ದ ಗಿಡದ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಅತ್ತ ನೆರಳು ದಟ್ಟವಾಗಿ ಬಿಟ್ಟರೆ ಮಳೆಗಾಲದಲ್ಲಿ ಕೊಳೆರೋಗ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅಂತ ಮರ ಹತ್ತುವವರೇ ತೀರ್ಮಾನಿಸಬಾರದು. ಮಾಲೀಕರೋ ತೋಟದ ಉಸ್ತುವಾರಿ ನೋಡುವ ರೈಟರೋ ಬೆಳಗ್ಗೆಯೇ ಜೊತೆಗೆ ನಡೆದು ಪ್ರತಿ ಮರಕ್ಕೂ ಯಾವ ಕೊಂಬೆ ಎಂದು ತೋರಿಸಬೇಕು.

ಹೂಮಳೆ, ಅದರ ನಂತರದ ಬ್ಯಾಕಿಂಗ್ ಮಳೆ ಆಗಿ ಕಾಯಿ ಕಚ್ಚಿದ ಮೇಲೆ ಶುರು ಮಾಡಿ, ಆರಿದ್ರಾ ಹಿಡಿಯುವುದರೊಳಗೆ ಮುಗಿಸಿ. ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೂರನೇ ವಾರ. ಮೊದಲು ಇಳಿಜಾರಿನ ತಗ್ಗು, ಹಳ್ಳದ ಬದಿ, ಮಂಜು ನಿಲ್ಲುವ ಜಾಗ. ಬಿಸಿಲು ಬಡಿಯುವ ಪಶ್ಚಿಮದ ಏರು ಕೊನೆಗೆ, ಅದೂ ಕೈ ಹಿಡಿದು. ಹಾಲುವಾಣವನ್ನು ಮಳೆ ಶುರುವಿನಲ್ಲಿ ಸವರಿದರೆ ಬೇಸಗೆಗೆ ಮತ್ತೆ ಸೊಪ್ಪು ತುಂಬಿ ನೆರಳು ಕೊಡುತ್ತದೆ.

ಮೆಣಸು ಇರುವ ಸಿಲ್ವರ್ ಓಕಿನಲ್ಲಿ ಕೆಳಗಿನಿಂದ ಮೇಲಕ್ಕೆ ಪಕ್ಕದ ಕೊಂಬೆ ತೆಗೆಯುತ್ತಾ ಹೋಗಿ, ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೋಳಿಸಬೇಡಿ. ಒಂದು ಪೊದೆಯಷ್ಟೇ ತುದಿ ಬಿಟ್ಟ ಮರ ಗಾಳಿಗೆ ತೂಗಿ ಮುರಿಯುವುದನ್ನು ರಸ್ತೆ ಬದಿಯಲ್ಲೇ ನೋಡಬಹುದು. ಕೊಯ್ತ ಕಾಂಡಕ್ಕೆ ತೀರ ಸವರಿಯೂ ಬೇಡ, ಗೇಣುದ್ದ ಮೋಟು ಬಿಟ್ಟೂ ಬೇಡ. ಕೊಂಬೆ ಕಾಂಡ ಸೇರುವಲ್ಲಿ ಉಬ್ಬಿದ ಕೊರಳು ಇರುತ್ತದೆ, ಅದರ ಹೊರಗೆ ಕೊಯ್ಯಿರಿ. ಆ ಕೊರಳೇ ಗಾಯವನ್ನು ಮುಚ್ಚುತ್ತದೆ. ದಪ್ಪ ಕೊಂಬೆಗೆ ಮೂರು ಕೊಯ್ತ: ಕಾಂಡದಿಂದ ಒಂದಡಿ ದೂರ ಅಡಿಯಿಂದ ಕಾಲು ಭಾಗ, ಅದಕ್ಕಿಂತ ಎರಡಿಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟು. ಅಡಿಯ ಕೊಯ್ತ ಬಿಟ್ಟರೆ ಕೊಂಬೆ ಬೀಳುವಾಗ ತೊಗಟೆ ಸೀಳಿಕೊಂಡು ಬುಡದ ತನಕ ಬರುತ್ತದೆ, ಜೊತೆಗೆ ಬಳ್ಳಿಯೂ.

ಸಿಲ್ವರ್ ಓಕ್ ರಸ, ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಬೊಬ್ಬೆ ಏಳುತ್ತದೆ. ತುಂಬುತೋಳಿನ ಅಂಗಿ ಇರಲಿ. ಹತ್ತುವ ಮುಂಚೆ ಚಗಳಿ ಇರುವೆಯ ಕೊಟ್ಟೆ (ಎಲೆಗೂಡು), ಕಣಜದ ಗೂಡು, ಹೆಜ್ಜೇನು ಇದೆಯಾ ಅಂತ ಸುತ್ತ ನಡೆದು ನೋಡಿ. ಗರಗಸದ ಸದ್ದಿಗೆ ಹೆಜ್ಜೇನು ಏಳುತ್ತದೆ, ಹಗ್ಗದಲ್ಲಿ ಇರುವವರಿಗೆ ಓಡಲು ದಾರಿ ಇಲ್ಲ. ಗೂಡು ಇರುವ ಮರ, ಅದರ ಅಕ್ಕಪಕ್ಕದ ಮರ ಬಿಟ್ಟುಬಿಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಬೆಳಗ್ಗೆ ತೋಟಕ್ಕೆ ಇಳಿಯುವ ಮುಂಚೆ ಆನೆ ಎಲ್ಲಿದೆ ಅಂತ ತೋಟದವರನ್ನು ಕೇಳಿಯೇ ಇಳಿಯಿರಿ. ಆನೆ ಬರುವುದು ಹಲಸಿಗೆ, ಅದು ಹಣ್ಣಾಗುವ ಕಾಲವೂ ಮರಗಸಿ ಕಾಲವೂ ಒಂದೇ.

ಬೀಟೆ, ತೇಗ, ಗಂಧ ಇದ್ದರೆ ಮಾಲೀಕರು ಹೇಳಿದರೂ ಕೈ ಹಾಕಬೇಡಿ, ವಲಯ ಅರಣ್ಯ ಕಚೇರಿಯ ಕಾಗದ ನೋಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ಹಾಲುವಾಣ ಕಡಿಯಲು ಅನುಮತಿ ಬೇಡ, ಉಳಿದ ಮರಗಳ ಬಗ್ಗೆ ಮೊದಲು ಕೇಳಿಕೊಳ್ಳಿ.

ಎಲ್‌ಸಿ ಕೊಡಿ:

ಇಷ್ಟೆಲ್ಲ ಹೇಳಿದಿರಿ, ಆ 24 ಅಡಿ ಅಲ್ಯೂಮಿನಿಯಂ ಏಣಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮರಗಸಿ, ಮೆಣಸು ಕೊಯ್ಲಿನ ಸಾವುಗಳಲ್ಲಿ ಮತ್ತೆ ಮತ್ತೆ ಕೇಳುವುದು ಇದನ್ನೇ: ಏಣಿ ಎತ್ತಿ ಇನ್ನೊಂದು ಮರಕ್ಕೆ ಸಾಗಿಸುವಾಗ ತಂತಿಗೆ ತಗುಲಿತು. ತೋಟದೊಳಗೆ 11 ಕೆವಿ ತಂತಿ ಕಾಫಿ ಗಿಡಗಳ ಮೇಲೆಯೇ ಹೋಗಿರುತ್ತದೆ, ಸೊಪ್ಪಿನ ಮರೆಯಲ್ಲಿ ಕಾಣುವುದಿಲ್ಲ. ತಂತಿ ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ.

ತಂತಿ ಇರುವ ಬ್ಲಾಕಿನಲ್ಲಿ ಅಲ್ಯೂಮಿನಿಯಂ ಏಣಿಯೂ ಬೇಡ, ಅಲ್ಯೂಮಿನಿಯಂ ಕೋಲಿನ ಗರಗಸವೂ ಬೇಡ. ಫೈಬರ್ ಏಣಿ ತೆಗೆದುಕೊಳ್ಳಿ. ಒಣ ಬಿದಿರೇಣಿಯೂ ಮಳೆಯಲ್ಲಿ ನೆನೆದರೆ ಕರೆಂಟ್ ಹರಿಸುತ್ತದೆ. ಏಣಿ ಯಾವ ಕಡೆಗೆ ಬಿದ್ದರೂ ತಂತಿಗೆ 3 ಮೀಟರ್ ಉಳಿಯುವಷ್ಟು ದೂರದಲ್ಲಿ ಮಾತ್ರ ಏಣಿ ನಿಲ್ಲಿಸಿ. ಸಾಗಿಸುವಾಗ ಪೂರ್ತಿ ಇಳಿಸಿ, ಮಲಗಿಸಿ, ಇಬ್ಬರು ಹಿಡಿದು ಹೋಗಿ.

ತಂತಿ ಪಕ್ಕದ ಮರವಾದರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಹೋಗಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟ್ ತೆಗೆಸಿ ಕೆಲಸ ಮಾಡಲು ಅನುಮತಿ) ತೆಗೆದುಕೊಳ್ಳಿ. ಹಾಸನ ಕಡೆ ಸೆಸ್ಕ್, ಚಿಕ್ಕಮಗಳೂರು ಕಡೆ ಮೆಸ್ಕಾಂ. ಗಡಿ ಭಾಗದಲ್ಲಿ ಲೈನು ಯಾರದ್ದು ಅಂತ ಮೊದಲು ಕೇಳಿ. ಲೈನ್‌ಮ್ಯಾನ್ ಸ್ಥಳಕ್ಕೆ ಬಂದು ಲೈನು ತೆಗೆದು, ಅರ್ತಿಂಗ್ ಹಾಕಿದ ಮೇಲೆಯೇ ಏಣಿ ಎತ್ತಿ. “ಈಗ ಹೇಗೂ ಕರೆಂಟ್ ಇಲ್ಲ” ಎನ್ನುವುದು ಎಲ್‌ಸಿ ಅಲ್ಲ. ಯಾವ ಕ್ಷಣದಲ್ಲಾದರೂ ಬರುತ್ತದೆ, ಪಕ್ಕದ ತೋಟದ ಜನರೇಟರಿನಿಂದ ಹಿಂದಕ್ಕೂ ಬರುತ್ತದೆ. ತಂತಿ ಹರಿದು ಬಿದ್ದರೆ ಯಾರೂ ಹತ್ತಿರ ಹೋಗಬಾರದು, ಪಾದಗಳನ್ನು ಎತ್ತದೆ ಜೋಡಿಸಿ ಸವರಿಕೊಂಡು ದೂರ ಸರಿಯಬೇಕು, 1912ಕ್ಕೆ ಕರೆ ಮಾಡಬೇಕು.

ಹಾನುಬಾಳು ಕ್ರಾಸ್:

ಎಲ್ಲರಿಗೂ ತುಂಬಾ ಧನ್ಯವಾದ. ಏಣಿ ಬದಲಿಸುತ್ತೇವೆ, ಗರಗಸದ ಯೋಚನೆ ಈ ವರ್ಷಕ್ಕೆ ಬಿಟ್ಟೆವು. ಎರಡು ಪ್ರಶ್ನೆ ಉಳಿದಿದೆ. ದೊಡ್ಡ ಅತ್ತಿ, ಬಸರಿ ಕೊಂಬೆ ಕಾಫಿ ಗಿಡದ ಮೇಲೆ ಬೀಳದಂತೆ ಹಗ್ಗದಲ್ಲಿ ಇಳಿಸಲು ಎಷ್ಟು ಭಾರದ ತನಕ ಹೋಗಬಹುದು? ಮತ್ತೆ ಗಾಡಿ, ಚಿಪ್ಪರ್ ವಿಷಯ.

ಬಿಲ್ವಾರ:

ಹಸಿ ಮರದ ತೂಕ ನೀರಿನ ಲೆಕ್ಕದಲ್ಲೇ ಹಿಡಿಯಿರಿ, ಲೀಟರಿಗೆ ಒಂದು ಕೆಜಿ. ಒಂದಡಿ ದಪ್ಪದ ತುಂಡು ಒಂದು ಮೀಟರ್ ಉದ್ದ ಇದ್ದರೆ ಸುಮಾರು 70 ಕೆಜಿ. ಅರ್ಧ ಅಡಿ ದಪ್ಪದ್ದಾದರೆ 18 ಕೆಜಿ. ದಪ್ಪ ಇಮ್ಮಡಿಯಾದರೆ ತೂಕ ನಾಲ್ಕು ಪಟ್ಟು.

ಮೇಲೆ ರಾಟೆ ಕಟ್ಟಿ ಕೆಳಗಿನಿಂದ ಹಿಡಿದರೆ ರಾಟೆ ಕಟ್ಟಿದ ಜಾಗಕ್ಕೆ ಬೀಳುವ ಭಾರ ಎರಡು ಪಟ್ಟು, ಯಾಕೆಂದರೆ ಹಗ್ಗದ ಎರಡೂ ಎಳೆ ಕೆಳಕ್ಕೆ ಎಳೆಯುತ್ತವೆ. ತುಂಡು ಕೆಳಗೆ ಬಿದ್ದು ಹಗ್ಗ ಗಕ್ಕನೆ ಬಿಗಿದರೆ ಅದು ಇನ್ನೂ ಹಲವು ಪಟ್ಟಾಗುತ್ತದೆ. ಆದ್ದರಿಂದ ರಾಟೆ ಕೊಯ್ತಕ್ಕಿಂತ ಮೇಲಿರಲಿ, ತುಂಡು ಬೀಳುವುದಕ್ಕೆ ಜಾಗವೇ ಇರಬಾರದು. ಹೊಸ ತಂಡ 25–30 ಕೆಜಿ ಮೀರದ ತುಂಡಿನಲ್ಲೇ ಇರಲಿ. ಕೆಳಗಿನವರು ಕೈಯಲ್ಲಿ ಹಿಡಿಯಬಾರದು. ಬಳ್ಳಿ ಇಲ್ಲದ ಮರ ನೋಡಿಕೊಂಡು, ಅದರ ಬುಡಕ್ಕೆ ಎರಡು ಮೂರು ಸುತ್ತು ಹಾಕಿ, ಉಜ್ಜುವ ಬಿಗಿಯಲ್ಲಿ ನಿಧಾನ ಬಿಡಬೇಕು. ಕೈಗೆ ಹಗ್ಗ ಸುತ್ತಿಕೊಳ್ಳಬಾರದು. ಇಳಿಸುವ ಹಗ್ಗ ಬೇರೆ, ಹತ್ತುವ ಹಗ್ಗ ಬೇರೆ. ಬಣ್ಣ ಬೇರೆ ಇದ್ದರೆ ಅದಲುಬದಲಾಗುವುದಿಲ್ಲ.

ನೆರಳು ಲೆಕ್ಕ:

ಚಿಪ್ಪರ್ ತೋಟದ ಕೆಲಸಕ್ಕೆ ಬೇಡವೇ ಬೇಡ. ಸಣ್ಣ ಸೊಪ್ಪು ತೋಟದಲ್ಲೇ ಉಳಿಯಬೇಕು, ಎರಡು ಮೂರು ಅಡಿಗೆ ತುಂಡು ಮಾಡಿ ಸಾಲುಗಳ ನಡುವೆ ಹಾಸಿ. ಗಿಡದ ಬುಡಕ್ಕೆ ತಾಗಿಸಿದರೆ ಗೆದ್ದಲು ಬರುತ್ತದೆ. ದಪ್ಪ ಸೌದೆ ಮಾತ್ರ ರಸ್ತೆ ಬದಿಗೆ. ಹೋಂಸ್ಟೇ, ಪಟ್ಟಣದ ಮನೆ ಮರಗಳ ಕೆಲಸ ಹಿಡಿದರೆ ಆಗ ಟ್ರ್ಯಾಕ್ಟರ್ ಹಿಂದಿನ ತಿರುಗುವ ದಂಡಕ್ಕೆ (ಪಿಟಿಒ) ಹಾಕುವ ಚಿಪ್ಪರನ್ನು ಬಾಡಿಗೆಗೆ ತರಬಹುದು.

ಗಾಡಿ ಹಳೆಯ ಪಿಕಪ್ ಸಾಕು, ನಾಲ್ಕೂ ಚಕ್ರ ಎಳೆಯುವಂಥದ್ದಾದರೆ ಜೂನಿನಲ್ಲಿ ಉಪಕಾರ. ಸೌದೆ ಸಾಗಿಸಲು ತೋಟದ ಟ್ರ್ಯಾಕ್ಟರ್ ಇದ್ದೇ ಇರುತ್ತದೆ, ನಿಮ್ಮ ಗಾಡಿಗೆ ಸಾಮಾನು, ಜನ ಮಾತ್ರ. ಒಳಗೆ ಎರಡು ಬೀಗದ ಪೆಟ್ಟಿಗೆ ಮಾಡಿಸಿ: ಒಂದರಲ್ಲಿ ಹಗ್ಗ, ಹಾರ್ನೆಸ್, ಇನ್ನೊಂದು ತುದಿಯಲ್ಲಿ ಪೆಟ್ರೋಲ್, ಆಯಿಲ್, ಗರಗಸ. ಹಗ್ಗದ ಹತ್ತಿರ ಬ್ಯಾಟರಿ ಇಡಬೇಡಿ, ಆಸಿಡ್ ತಾಗಿದ ನೈಲಾನ್ ಹೊರಗೆ ಏನೂ ಕಾಣದೆ ಒಳಗೆ ಸಾಯುತ್ತದೆ. ಒದ್ದೆ ಹಗ್ಗವನ್ನು ನೆರಳಿನಲ್ಲಿ ನೇತುಹಾಕಿ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಬೇಡ.

ತೋಟಕ್ಕೆ ಹೋದ ತಕ್ಷಣ ಗಾಡಿಯನ್ನು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕೀ ಮೂವರಿಗೂ ಗೊತ್ತಿರುವ ಜಾಗದಲ್ಲಿ ಇರಲಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಕೆಲಸ ಶುರುವಿಗೆ ಮುಂಚೆ ನೋಡಿಟ್ಟುಕೊಳ್ಳಿ. ಎಷ್ಟೋ ಹಳ್ಳದ ತೋಟಗಳಲ್ಲಿ 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕು. ಗಾಯ ಕಟ್ಟುವ ದೊಡ್ಡ ಬ್ಯಾಂಡೇಜ್ ಒಂದು ಹತ್ತುವವರ ಹಾರ್ನೆಸ್‌ನಲ್ಲೇ ಇರಲಿ. ಮೂವರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದು ಸಾಲದು, ಬೇರೆ ಅಪಘಾತ ವಿಮೆಯೂ ಬೇಕು, ಆದರೆ ಇದಕ್ಕೆ ನಾಳೆಯೇ ಬ್ಯಾಂಕಿಗೆ ಹೋದರೆ ಆಯಿತು.

ಅರ ಮತ್ತು ಚೈನ್:

ದಿನಚರಿ ಬಗ್ಗೆ ಒಂದು ಸೇರಿಸುತ್ತೇನೆ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಗಾಳಿ ಏಳುತ್ತದೆ. ಹತ್ತುವ ಕೆಲಸವೆಲ್ಲ ಇಬ್ಬನಿ ಆರಿದ ಮೇಲಿಂದ ಮಧ್ಯಾಹ್ನದ ಊಟದ ತನಕ. ಆಮೇಲೆ ತುಂಡು ಮಾಡುವುದು, ಹಾಸುವುದು, ಅರ ಹಾಕುವುದು. ಪಾಚಿ ಕಟ್ಟಿದ ಕಾಂಡ ಒದ್ದೆ ಇದ್ದರೆ ಹತ್ತಬೇಡಿ. ಮರಕ್ಕಿಷ್ಟು ಅಂತ ಗುತ್ತಿಗೆ ಒಪ್ಪಿಕೊಂಡರೆ ಈ ನಿಯಮ ಒಂದು ವಾರವೂ ಉಳಿಯುವುದಿಲ್ಲ, ದಿನದ ಲೆಕ್ಕದಲ್ಲೇ ಮಾತಾಡಿ.

ಹಾನುಬಾಳು ಕ್ರಾಸ್:

ಆಯ್ತು, ದಿನದ ಲೆಕ್ಕದಲ್ಲೇ ಮಾತಾಡುತ್ತೇವೆ. ಕೊನೆಯದಾಗಿ, ಹೆಲ್ಮೆಟ್ ಬೈಕಿನದ್ದು ನಡೆಯುತ್ತದೆಯೇ?

ಬಿಲ್ವಾರ:

ಇಲ್ಲ. ಕಿವಿ ಮುಚ್ಚುತ್ತದೆ, ಮೇಲಿನವರು ಕೂಗಿದ್ದು ಕೇಳುವುದಿಲ್ಲ, ತಲೆ ಎತ್ತಿ ನೋಡಲೂ ಆಗುವುದಿಲ್ಲ. ಹತ್ತುವವರಿಗೆ ಗದ್ದದ ಪಟ್ಟಿ ಬಿಚ್ಚಿಕೊಳ್ಳದ ಇಎನ್ 12492, ಕೆಳಗಿನವರಿಗೆ ಇಎನ್ 397, ಜಾಲರಿ ಮುಖಕವಚದ ಸಮೇತ. ಕೆಳಗಿನವರಿಗೆ ಮೊದಲು ತೆಗೆದುಕೊಳ್ಳಿ. ಒಣ ಕೊಂಬೆ ಬೀಳುವುದು ಅವರ ತಲೆಯ ಮೇಲೆ.